ಓಡುವ ಹಡಗನ್ನು ಹತ್ತುವುದು: ದೋಟಿ, ಏಣಿ ಮತ್ತು 47 ಸೆಕೆಂಡು

(ಉತ್ತರ ಕನ್ನಡದ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಮಾತನ್ನು ಇಲ್ಲಿ ಸೇರಿಸಿದ್ದೇನೆ.)

ಮನೆಯಲ್ಲಿ ಅಡಿಕೆ ತೋಟ ಇರುವವರು ಒಮ್ಮೆ ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಜನ ಇದ್ದೀರಿ. ನನ್ನ ಕೆಲಸ ಸುಲಭ ಆಯ್ತು.

ದೋಟಿ ಅಂದರೆ ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬಿದಿರಿನದಿತ್ತು, ಈಗ ಕಾರ್ಬನ್ ಫೈಬರಿನದು ಬಂದಿದೆ. ಒಂದರೊಳಗೆ ಒಂದು ಕೊಳವೆ ಕೂತಿರುತ್ತದೆ, ಎಳೆದಷ್ಟೂ ಉದ್ದ. ಮರ ಹತ್ತಿ ಕೊಯ್ಯುವ ಕೊನೆಗಾರ ಸಿಗದಿದ್ದರೆ ನೆಲದ ಮೇಲೆ ನಿಂತೇ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸಬಹುದು. ಕಡಲ್ಗಳ್ಳರು ಹಿಡಿದಿಟ್ಟ ಹಡಗಿಗೆ ನುಗ್ಗುವ ಕಮಾಂಡೊಗಳ ದೋಣಿಯಲ್ಲೂ ಇದೇ ದೋಟಿ ಇರುತ್ತದೆ. ತುದಿಯಲ್ಲಿ ಕತ್ತಿ ಇರುವುದಿಲ್ಲ, ಕೊಕ್ಕೆ ಇರುತ್ತದೆ. ಕೊಕ್ಕೆಯಿಂದ ಒಂದು ಏಣಿ ನೇತಾಡುತ್ತಿರುತ್ತದೆ. ದೋಣಿಯಲ್ಲಿ ನಿಂತು ಆ ಕೊಕ್ಕೆಯನ್ನು ಹಡಗಿನ ಮೇಲಿನ ಕಂಬಿಗೆ ಸಿಕ್ಕಿಸಬೇಕು. ತೋಟದಲ್ಲಿ ನೆಲವೂ ಅಲುಗುವುದಿಲ್ಲ, ಮರವೂ ಓಡುವುದಿಲ್ಲ. ಆದರೂ ಅಡಿಕೆ ಕೊನೆಗೆ ಸರಿಯಾಗಿ ಕತ್ತಿ ತಾಗಿಸಲು ನಮಗೆ ಎಷ್ಟು ಹೊತ್ತು ಬೇಕಾಗುತ್ತದೆ ಅಲ್ವಾ? ಸಮುದ್ರದಲ್ಲಿ ಎರಡೂ ಓಡುತ್ತಿರುತ್ತವೆ, ಕತ್ತಲೆ ಬೇರೆ.

ನಾನು ಸೈನಿಕನಲ್ಲ. ಸರಕು ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕಡೆ 'ಹಡಗಿಗೆ ಹೋದವ' ಅಂತಾರಲ್ಲ, ಅದು. ಆದರೆ ಹಡಗಿನ ಗೋಡೆ ಹತ್ತಿ ಬರುವವರನ್ನು ಮೇಲಿನಿಂದ ನೋಡುತ್ತ ವರ್ಷಗಟ್ಟಲೆ ನಿಂತಿದ್ದೇನೆ. ಪ್ರತಿ ಬಂದರಿನ ಬಾಯಲ್ಲೂ ಹಡಗಿಗೆ ಒಳದಾರಿ ತೋರಿಸುವ ಪೈಲಟ್ ಒಬ್ಬರು ಚಿಕ್ಕ ಬೋಟಿನಲ್ಲಿ ಬಂದು, ಹಗ್ಗದ ಏಣಿ ಹಿಡಿದು ನಮ್ಮ ಹಡಗಿಗೆ ಹತ್ತುತ್ತಾರೆ. ನಾವು ಅವರಿಗೆ ಎಲ್ಲ ಅನುಕೂಲ ಮಾಡಿಕೊಡುತ್ತೇವೆ. ಹಡಗು ತಿರುಗಿಸಿ ಗಾಳಿ ಮರೆ ಮಾಡುತ್ತೇವೆ, ವೇಗ ಇಳಿಸುತ್ತೇವೆ, ದೀಪ ಹಾಕುತ್ತೇವೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಏಣಿಯಲ್ಲಿ 9 ಮೀಟರಿಗಿಂತ ಜಾಸ್ತಿ ಹತ್ತಿಸುವ ಹಾಗಿಲ್ಲ. ಅದಕ್ಕೂ ಎತ್ತರ ಇದ್ದರೆ ಪಕ್ಕಕ್ಕೆ ಮೆಟ್ಟಿಲು ಇಳಿಬಿಡಬೇಕು. ಇಷ್ಟೆಲ್ಲ ಇದ್ದೂ ಪೈಲಟ್‌ಗಳು ಬಿದ್ದು ಸಾಯುತ್ತಾರೆ.

ಒಮ್ಮೆ ನಾನೇ ಕಂಡದ್ದು. ಯಾವ ಬಂದರು ಅಂತ ಬೇಡ. ಬೋಟು ಅಲೆಯ ತಗ್ಗಿನಲ್ಲಿದ್ದಾಗ ಪೈಲಟ್ ಏಣಿಗೆ ಕಾಲಿಟ್ಟರು. ಹಾಗೆ ಮಾಡಲೇಬಾರದು. ಬೋಟು ಅಲೆಯ ನೆತ್ತಿಗೆ ಬಂದಾಗ ಏಣಿ ಹಿಡಿಯಬೇಕು. ಆಗ ಬೋಟು ನಮ್ಮ ಕಾಲಡಿಯಿಂದ ಕೆಳಗೆ ಹೋಗುತ್ತದೆ. ತಗ್ಗಿನಲ್ಲಿ ಹಿಡಿದರೆ ಮುಂದಿನ ಅಲೆಗೆ ಬೋಟೇ ಮೇಲೆ ಬಂದು ಕಾಲಿಗೆ ಹೊಡೆಯುತ್ತದೆ. ಅವತ್ತು ಹಾಗೇ ಆಯಿತು. ಅವರು ಕಾಲು ಎಳೆದುಕೊಂಡರು, ಬೂಟು ಮಾತ್ರ ಬೋಟಿಗೂ ಹಡಗಿಗೂ ನಡುವೆ ಸಿಕ್ಕಿಕೊಂಡಿತು. ಮೇಲೆ ಬಂದವರಿಗೆ ಒಂದೇ ಬೂಟು. ಚಹಾ ಕೊಟ್ಟೆವು. ಲೋಟ ಹಿಡಿದ ಕೈ ನಡುಗುತ್ತಿತ್ತು. ಯಾರೂ ಗುಂಡು ಹೊಡೆಯುತ್ತಿರಲಿಲ್ಲ, ನೆನಪಿರಲಿ.

ಈಗ ಇದೇ ಏಣಿಯ ಮೇಲೆ ಒಬ್ಬ ಕಮಾಂಡೊನನ್ನು ಇಟ್ಟು ನೋಡಿ.

ಎದೆಗೂ ಬೆನ್ನಿಗೂ ಗುಂಡು ತಡೆಯುವ ಹಲಗೆ. ರೈಫಲ್ ಗುಂಡು ತಡೆಯುವಂಥದ್ದಾದರೆ ಒಂದೊಂದೂ ಎರಡೂವರೆ, ಮೂರು ಕೆಜಿ. ತಲೆಗೆ ಹೆಲ್ಮೆಟ್, ಅದರ ಮುಂದೆ ರಾತ್ರಿ ನೋಡುವ ದುರ್ಬೀನು. ಕುತ್ತಿಗೆಯಿಂದ ಪಟ್ಟಿಯಲ್ಲಿ ನೇತಾಡುವ ಬಂದೂಕು, ತೊಡೆಗೆ ಪಿಸ್ತೂಲು. ಗುಂಡಿನ ಮ್ಯಾಗಜೀನುಗಳು, ರೇಡಿಯೊ, ಅದರ ಬ್ಯಾಟರಿ, ಕೈದಿಗಳ ಕೈ ಕಟ್ಟಲು ಪ್ಲಾಸ್ಟಿಕ್ ಪಟ್ಟಿ, ಗಾಯಕ್ಕೆ ಬಿಗಿಯುವ ಪಟ್ಟಿ. ಗುಂಪಿನಲ್ಲಿ ಒಬ್ಬರ ಹತ್ತಿರ ಬಾಗಿಲು ಒಡೆಯುವ ಹಾರೆ, ಸುತ್ತಿಗೆ, ಕಟ್ಟರ್. ಏನು ಬಿದ್ದರೂ ನೀರುಪಾಲು, ಹಾಗಾಗಿ ಪ್ರತಿಯೊಂದಕ್ಕೂ ದಾರ.

ಏಣಿಯಂತೂ ನೀವು ಅಂದುಕೊಂಡ ಹಾಗಿರುವುದಿಲ್ಲ. ಗುಹೆಗೆ ಇಳಿಯುವವರು ಬಳಸುವ ತಂತಿ ಏಣಿ ಅದು. ಎರಡು ಉಕ್ಕಿನ ತಂತಿ, ನಡುವೆ ಬೆರಳು ದಪ್ಪದ ಅಲ್ಯೂಮಿನಿಯಂ ಮೆಟ್ಟಿಲು. ಅಗಲ ಒಂದು ಪಾದ ಹಿಡಿಸುವಷ್ಟೇ. ಸುತ್ತಿದರೆ ಚೀಲದಲ್ಲಿ ಕೂರುತ್ತದೆ, ಅದೇ ಅದರ ಗುಣ. ಹಡಗಿನ ಗೋಡೆಗೆ ಒತ್ತಿಕೊಂಡರೆ ಮೆಟ್ಟಿಲಿನ ಹಿಂದೆ ಜಾಗವೇ ಇರುವುದಿಲ್ಲ, ಕಾಲ್ಬೆರಳು ತೂರುವುದಿಲ್ಲ. ಗಾಳಿಯಲ್ಲಿ ನೇತಾಡಿದರೆ ಇನ್ನೊಂದು ಕಷ್ಟ. ಕಾಲು ಮುಂದಕ್ಕೆ ಓಡುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಇಡೀ ಭಾರ ಕೈಗೆ ಬರುತ್ತದೆ. ಗುಹೆಯವರು ಅದಕ್ಕೇ ಏಣಿಯನ್ನು ತಬ್ಬಿಕೊಂಡ ಹಾಗೆ ಕೈಯನ್ನು ಹಿಂದಿನಿಂದ ತಂದು ಹಿಡಿಯುತ್ತಾರೆ, ಹಿಮ್ಮಡಿಯನ್ನು ಆ ಕಡೆಯಿಂದ ಮೆಟ್ಟಿಲಿಗೆ ಇಡುತ್ತಾರೆ. ಕಮಾಂಡೊಗಳಿಗೂ ಅದನ್ನೇ ಕಲಿಸುತ್ತಾರೆ.

ನಮ್ಮ ಕೊನೆಗಾರ ಕಾಲಿಗೆ ತಳೆ ಹಾಕಿ ಮರ ಹತ್ತುವಾಗ ಕತ್ತಿ ಎಲ್ಲಿರುತ್ತದೆ? ಸೊಂಟದಲ್ಲಿ. ಎರಡೂ ಕೈ ಮರಕ್ಕೆ ಬೇಕಲ್ಲ. ಕಮಾಂಡೊನ ಕತೆಯೂ ಅದೇ. ಏಣಿಯಲ್ಲಿ ಇರುವಷ್ಟು ಹೊತ್ತು ಅವನು ಹೋರಾಡಲಾರ. ಎಂಥಾ ಬಂದೂಕಿದ್ದರೂ ಅಷ್ಟು ಹೊತ್ತು ಅದು ಸುಮ್ನೆ ಭಾರ. ಸಿನಿಮಾದಲ್ಲಿ ಹತ್ತುವುದನ್ನು ಎರಡು ಸೆಕೆಂಡಿನಲ್ಲಿ ಮುಗಿಸಿ ಗುಂಡಿನ ಚಕಮಕಿಗೆ ಹೋಗಿಬಿಡುತ್ತಾರೆ. ನನ್ನನ್ನು ಕೇಳಿದರೆ ಈ ಕೆಲಸದ ಹೃದಯ ಇರುವುದು ಆ ಏಣಿಯ ಮೇಲೆ.

ಒಂದು ಘಟನೆ ಹೇಳುತ್ತೇನೆ. 2024ರ ಜನವರಿ 11ರ ರಾತ್ರಿ, ಸೊಮಾಲಿಯಾ ಕರಾವಳಿಯಾಚೆ. ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊಗಳು ಧ್ವಜವಿಲ್ಲದ ಒಂದು ಧೋ ಹಡಗನ್ನು ತಪಾಸಣೆಗೆ ಹತ್ತುತ್ತಿದ್ದರು. ಅದರಲ್ಲಿ ಇರಾನಿನಿಂದ ಯೆಮನ್ನಿನ ಹೂತಿ ಬಂಡುಕೋರರಿಗೆ ಹೋಗುತ್ತಿದ್ದ ಕ್ಷಿಪಣಿ ಭಾಗಗಳು ಸಿಕ್ಕವು. ಧೋ ಅಂದರೆ ನಮ್ಮ ಮಂಗಳೂರಿನ ಹಳೆ ಬಂದರಿನಲ್ಲಿ ಕಾಣುವ ಮಂಜಿಗಳ ಜಾತಿಯದು, ದೊಡ್ಡ ಗೋಡೆಯೇನಲ್ಲ. ಯಾರೂ ಗುಂಡು ಹಾರಿಸಲಿಲ್ಲ. ಹತ್ತುವಾಗ ಒಬ್ಬರು ಕೈ ಜಾರಿ, ಧೋಗೂ ದೋಣಿಗೂ ನಡುವೆ ನೀರಿಗೆ ಬಿದ್ದರು. ಕಿರಿಯ ಕಮಾಂಡೊ ಒಬ್ಬರು ಅವರನ್ನು ಹಿಡಿಯಲು ಹಾರಿದರು. ಇಬ್ಬರೂ ಮುಳುಗಿದರು. ತನಿಖೆಯ ವರದಿ ಆ ವರ್ಷದ ಅಕ್ಟೋಬರಿನಲ್ಲಿ ಹೊರಬಂತು. ಮೊದಲನೆಯವರು ಬಿದ್ದಲ್ಲಿಂದ ಇಬ್ಬರೂ ಕಣ್ಮರೆಯಾಗುವವರೆಗೆ ಬರೀ 47 ಸೆಕೆಂಡು. ಒಬ್ಬರ ಮೈಮೇಲೆ ಸುಮಾರು 22 ಕೆಜಿ ಸಾಮಾನು, ಇನ್ನೊಬ್ಬರ ಮೈಮೇಲೆ ಸುಮಾರು 36 ಕೆಜಿ. ತೇಲಿಸುವ ಸಾಧನ ಆ ಭಾರಕ್ಕೆ ಸಾಲುತ್ತಿರಲಿಲ್ಲ. ತಪ್ಪಿಸಬಹುದಾಗಿದ್ದ ಸಾವು ಅಂತ ವರದಿಯೇ ಹೇಳಿತು.

ಜಗತ್ತಿನಲ್ಲಿ ಈಜಿಗೆ ಹೆಸರಾದ ಪಡೆ ಅದು. ಈಜು ಬಾರದೆ ಸತ್ತವರಲ್ಲ, ಭಾರದ ಲೆಕ್ಕ ತಪ್ಪಿ ಸತ್ತವರು.

ಹಾಗಾಗಿ ಈ ಕೆಲಸದ ಉಡುಪಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಎರಡೇ ವಸ್ತು. ಒಂದು, ಗ್ಯಾಸ್ ತುಂಬಿಕೊಳ್ಳುವ ಜಾಕೆಟ್ಟು. ಮಡಚಿದಾಗ ಸೊಂಟದಲ್ಲೋ ಕುತ್ತಿಗೆಯಲ್ಲೋ ಚಿಕ್ಕದಾಗಿ ಕೂತಿರುತ್ತದೆ, ಎಳೆದರೆ ಪುಟ್ಟ ಸಿಲಿಂಡರಿನಿಂದ ಉಬ್ಬುತ್ತದೆ. ಅದು ಆ ಮನುಷ್ಯನ ಮೈಭಾರಕ್ಕಷ್ಟೇ ಅಲ್ಲ, ಅವನು ಅವತ್ತು ಹೊತ್ತ ಸಾಮಾನಿಗೂ ಸಾಕಾಗಬೇಕು. ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಲದು. ಪೂರ್ತಿ ಸಾಮಾನು ಹೊತ್ತು ಕೊಳಕ್ಕೆ ಇಳಿದೇ ನೋಡಬೇಕು. ಇನ್ನೊಂದು, ಒಂದೇ ಎಳೆತಕ್ಕೆ ಇಡೀ ಕವಚ ಕಳಚಿ ಬೀಳುವ ಹಿಡಿಕೆ. ಬಂದೂಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಯೂಟ್ಯೂಬಿನವರು ಈ ಹಿಡಿಕೆಯ ಬಗ್ಗೆ ಒಂದು ನಿಮಿಷವೂ ಮಾತಾಡುವುದಿಲ್ಲ.

'ಸರ್, ಹೆಲಿಕಾಪ್ಟರಿನಿಂದ ಇಳಿದರೆ ಆಯ್ತಲ್ವಾ?' ಅಂತ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಇಳಿಯುತ್ತಾರೆ. ಮಣಿಕಟ್ಟಿನಷ್ಟು ದಪ್ಪದ ಹೆಣೆದ ಹಗ್ಗ ಬಿಟ್ಟು, ದಪ್ಪ ಚರ್ಮದ ಗ್ಲೌಸ್ ಹಾಕಿ ಜಾರುತ್ತಾರೆ. ಸೊಂಟಕ್ಕೆ ಏನೂ ಕಟ್ಟಿರುವುದಿಲ್ಲ, ಹಿಡಿತವೇ ಬ್ರೇಕು. ಕೆಲವೇ ಸೆಕೆಂಡಿನಲ್ಲಿ ಒಬ್ಬೊಬ್ಬರಾಗಿ ಡೆಕ್ ಮೇಲಿರುತ್ತಾರೆ. ಆದರೆ ಹೆಲಿಕಾಪ್ಟರ್ ಅಂದರೆ ಗದ್ದಲ, ಬರುವುದು ಮೈಲಿ ದೂರಕ್ಕೇ ಕೇಳುತ್ತದೆ. ಹಗ್ಗ ಬಿಟ್ಟು ನಿಂತಾಗ ಅದು ನಿಂತ ಗುರಿ. ಸರಕು ಹಡಗಿನ ಮೇಲೆ ಕ್ರೇನು, ಕಂಬ, ಆಂಟೆನಾ ತಂತಿ ಎಲ್ಲ ಇರುತ್ತವೆ, ರೆಕ್ಕೆ ತಾಗಿದರೆ ಮುಗಿಯಿತು. ಹಾಗಾಗಿ ಒಂದನ್ನೇ ನಂಬುವುದಿಲ್ಲ. ದೋಣಿ ಹತ್ತಿರ ಹೋಗುವಾಗ ಹೆಲಿಕಾಪ್ಟರಿನಲ್ಲಿ ಗುರಿಕಾರ ಕೂತಿರುತ್ತಾನೆ. ಏಣಿಯಲ್ಲಿದ್ದವನ ಖಾಲಿ ಇಲ್ಲದ ಕೈಗೆ ಅವನ ಬಂದೂಕೇ ಬದಲಿ.

ದೋಣಿ ನಡೆಸುವವನ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಗಟ್ಟಿ ತಳ, ಸುತ್ತ ಗಾಳಿ ತುಂಬಿದ ರಬ್ಬರ್ ಅಂಚಿನ ದೋಣಿ ಅದು. ಸಾಮಾನ್ಯವಾಗಿ ಹಿಂದಿನಿಂದ ಬಂದು ಹಡಗಿನ ಪಕ್ಕಕ್ಕೆ ಸೇರಿಕೊಳ್ಳುತ್ತದೆ. ತೀರ ಹಿಂದೆ ಹೋದರೆ ಪ್ರೊಪೆಲ್ಲರಿನ ಕುದಿ, ತೀರ ಮುಂದೆ ಹೋದರೆ ಹಡಗಿನ ಮೂತಿ ಎಬ್ಬಿಸುವ ಅಲೆ. ನಡುವಿನ ಸ್ವಲ್ಪ ಜಾಗದಲ್ಲಿ, ಹಡಗಿನಷ್ಟೇ ವೇಗದಲ್ಲಿ, ರಬ್ಬರನ್ನು ಗೋಡೆಗೆ ಒತ್ತಿ ಹಿಡಿದಿರಬೇಕು. ಅಳಿವೆ ದಾಟುವ ನಮ್ಮ ಮೀನುಗಾರರಿಗೆ ಇದು ಅರ್ಥವಾಗುತ್ತದೆ. ಹಡಗು ಜೋರಾಗಿ ಓಡುತ್ತಿದ್ದರೆ ಇದು ಆಗದ ಮಾತು. 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರಿಗಿಂತ ಜೋರಾಗಿ ಹೋಗುವ ಹಡಗನ್ನು ಕಡಲ್ಗಳ್ಳರು ಹತ್ತಿದ ವರದಿ ಇಲ್ಲ ಅಂತ ನಮಗೆ ಕೊಟ್ಟ ಕೈಪಿಡಿಯಲ್ಲೇ ಬರೆದಿತ್ತು. ಕಳ್ಳರಿಗೆ ಕಷ್ಟವಾದದ್ದು ಕಮಾಂಡೊಗಳಿಗೂ ಕಷ್ಟ. ನಾವು ಕಳ್ಳರಿಗೆ ಅಂತ ಸುತ್ತಿದ ಮುಳ್ಳುತಂತಿಯೂ ಯಾರನ್ನೂ ಗುರುತು ಹಿಡಿಯುವುದಿಲ್ಲ.

ಇಷ್ಟು ಕೇಳಿದ ಮೇಲೆ ಒಂದು ವಿಷಯ ಹೊಳೆಯಬೇಕು. ಬುದ್ಧಿವಂತ ಪಡೆ ಏನು ಮಾಡುತ್ತದೆ? ಏಣಿ ಹಾಕುವ ಮೊದಲೇ ಜಗಳ ಮುಗಿಸುತ್ತದೆ.

ಎಂವಿ ರುಯೆನ್ ಕತೆ ನೋಡಿ. ಮಾಲ್ಟಾ ಧ್ವಜದ ಸರಕು ಹಡಗು. 2023ರ ಡಿಸೆಂಬರಿನಲ್ಲಿ ಸೊಮಾಲಿ ಕಡಲ್ಗಳ್ಳರು ಹಿಡಿದರು. ಮೂರು ತಿಂಗಳ ನಂತರ ಅದನ್ನೇ ತಾಯಿಹಡಗು, ಅಂದರೆ ದಾಳಿಗೆ ಹೊರಡುವ ತೇಲುವ ನೆಲೆ, ಮಾಡಿಕೊಂಡು ಬೇರೆ ಹಡಗು ಹಿಡಿಯಲು ಹೊರಟರು. 2024ರ ಮಾರ್ಚ್ 15ರಂದು ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತ್ತ ಅಡ್ಡ ಬಂತು. ಮೊದಲು ಡ್ರೋನ್ ಕಳಿಸಿ ಮೇಲೆ ಯಾರಿದ್ದಾರೆ ಅಂತ ನೋಡಿತು. ಕಳ್ಳರು ಡ್ರೋನನ್ನು ಹೊಡೆದು ಉರುಳಿಸಿದರು, ಯುದ್ಧನೌಕೆಯ ಕಡೆಗೂ ಗುಂಡು ಹಾರಿಸಿದರು. ಹಾಗಂತ ತಕ್ಷಣ ಕಮಾಂಡೊಗಳನ್ನು ನುಗ್ಗಿಸಲಿಲ್ಲ. ಕೋಲ್ಕತ್ತ ಅಳೆದು ಹೊಡೆದು ರುಯೆನ್‌ನ ಚುಕ್ಕಾಣಿ ವ್ಯವಸ್ಥೆಯನ್ನೂ ದಾರಿ ತೋರಿಸುವ ಉಪಕರಣಗಳನ್ನೂ ಕೆಡಿಸಿತು. ಹಡಗು ನಿಂತಿತು. ಓಡುವ ಮರ ನಿಂತ ಮರ ಆಯಿತು.

ಆಮೇಲೆ ಸುತ್ತುವರಿದರು. ಐಎನ್‌ಎಸ್ ಸುಭದ್ರಾ ಬಂತು. ಮೇಲೆ ಪಿ-8ಐ ವಿಮಾನ, ಸೀ ಗಾರ್ಡಿಯನ್ ಡ್ರೋನ್. ವಾಯುಪಡೆಯ ಸಿ-17 ವಿಮಾನ ಹತ್ತು ಗಂಟೆ ಹಾರಿ, ಭಾರತದ ತೀರದಿಂದ ಸುಮಾರು 2600 ಕಿಲೋಮೀಟರ್ ದೂರದಲ್ಲಿ ಎರಡು ರಬ್ಬರ್ ದೋಣಿಗಳನ್ನೂ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸಿತು. ಅಷ್ಟೊಂದು ದೊಡ್ಡ ವಿಮಾನ ಎರಡು ದೋಣಿ ಎಸೆಯುವುದಕ್ಕೆ ಬಂತು! ಜೊತೆಗೆ ಮಾತುಕತೆಯ ಒತ್ತಡವೂ ನಡೆದೇ ಇತ್ತು. 40 ಗಂಟೆ ಹೀಗೆ ಕಾಯಿಸಿ, ಬಳಲಿಸಿ, 16ರಂದು 35 ಕಳ್ಳರೂ ಶರಣಾದರು. 17 ನಾವಿಕರಲ್ಲಿ ಒಬ್ಬರಿಗೂ ಗಾಯವಿಲ್ಲ. ಹಡಗಿನಲ್ಲಿ ಸುಮಾರು 37,800 ಟನ್ ಸರಕು ಇತ್ತು.

ಟೀವಿಯಲ್ಲಿ ಕಮಾಂಡೊ ದಾಳಿ ಅಂತ ಕೂಗಿದರು. ನನಗೆ ಇಷ್ಟವಾದದ್ದು ಅವರ ತಾಳ್ಮೆ.

ತಾಳ್ಮೆ ಸುಮ್ನೆ ಬಂದದ್ದಲ್ಲ. 2008ರ ನವೆಂಬರ್ 18ರಂದು ಏಡನ್ ಕೊಲ್ಲಿಯಲ್ಲಿ ನಮ್ಮದೇ ಐಎನ್‌ಎಸ್ ತಬರ್ ಒಂದು ತಾಯಿಹಡಗನ್ನು ಮುಳುಗಿಸಿತು. ಅವರೇ ಮೊದಲು ಬೆದರಿಸಿದರು, ಆತ್ಮರಕ್ಷಣೆಗೆ ಹೊಡೆದೆವು ಎಂದಿತು ನೌಕಾಪಡೆ. ನಂತರ ಗೊತ್ತಾಯಿತು, ಅದು ಕಳ್ಳರು ಹಿಡಿದುಕೊಂಡಿದ್ದ ಥಾಯ್ಲೆಂಡಿನ ಮೀನುಗಾರಿಕೆ ಹಡಗು, ಎಕಾವತ್ ನಾವಾ 5. ಒಳಗೆ ಒತ್ತೆಯಾಳು ಮೀನುಗಾರರು ಇದ್ದರು. ದಿನಗಟ್ಟಲೆ ತೇಲಿ ಬದುಕಿದ ಒಬ್ಬನಿಂದ ಸುದ್ದಿ ತಿಳಿಯಿತು. ರುಯೆನ್ ಮೇಲೆ ಹಾರಿದ ಆ ಚಿಕ್ಕ ಡ್ರೋನಿನ ಬೆಲೆ ಈ ಕತೆ ಗೊತ್ತಿದ್ದವರಿಗೆ ಗೊತ್ತು.

ಅವಸರದ ಇನ್ನೊಂದು ಉದಾಹರಣೆ ಕೊರಿಯಾದ್ದು. 2011ರ ಜನವರಿಯಲ್ಲಿ ಸಾಮ್ಹೊ ಜ್ಯುವೆಲ್ರಿ ಎಂಬ ಹಡಗನ್ನು ಕಳ್ಳರು ಹಿಡಿದಿದ್ದರು. 18ರಂದು ದಕ್ಷಿಣ ಕೊರಿಯಾದ ಕಮಾಂಡೊಗಳ ಮೊದಲ ಪ್ರಯತ್ನ ಸೋತು ಮೂವರಿಗೆ ಗಾಯವಾಯಿತು. 21ರ ಬೆಳಗಿನ ಜಾವ ಮತ್ತೆ ಹೋದರು. ಹೆಲಿಕಾಪ್ಟರ್ ಒಂದು ಕಡೆ ಗಮನ ಸೆಳೆಯಿತು, ದೋಣಿಯವರು ಹತ್ತಿದರು. 21 ಸಿಬ್ಬಂದಿ ಬಿಡುಗಡೆಯಾದರು, ಎಂಟು ಕಳ್ಳರು ಸತ್ತರು. ಕ್ಯಾಪ್ಟನ್ ಸೊಕ್ ಹೇ-ಗ್ಯುನ್ ಅವರಿಗೆ ಹಲವು ಗುಂಡು ತಗುಲಿತು, ಬದುಕಿದರು. ಹಡಗನ್ನು ಬೇಕಂತಲೇ ನಿಧಾನ ಮಾಡಿ ಕಮಾಂಡೊಗಳಿಗೆ ಹೊತ್ತು ಕೊಟ್ಟವರು ಅವರೇ. ಒಳಗಿನವರ ಸಹಾಯ ಇಲ್ಲದೆ ಹೊರಗಿನವರ ಸಾಹಸ ನಡೆಯುವುದು ಕಷ್ಟ.

ಹತ್ತಿದ ಮೇಲೆ ಏನು ಅಂತ ಬೇಗ ಹೇಳಿಬಿಡುತ್ತೇನೆ. ಹಡಗಿನ ಒಳಗು ಉಕ್ಕಿನ ಜೇಡರ ಬಲೆ. ಕಾರಿಡಾರಿನಲ್ಲಿ ಇಬ್ಬರು ಎದುರಾದರೆ ಭುಜ ತಿರುಗಿಸಬೇಕು, ಅದಕ್ಕೇ ಗಿಡ್ಡ ಬಂದೂಕು. ತಪ್ಪಿದ ಗುಂಡು ಉಕ್ಕಿಗೆ ಬಡಿದು ಎತ್ತಲೋ ಚಿಮ್ಮುತ್ತದೆ. ಎಣ್ಣೆ ಹಡಗಾದರೆ ಕಿಡಿಯೇ ಬೇಡ. ಎಂಜಿನ್ ರೂಮಿನಲ್ಲಿ ಕಿವಿಯ ಹತ್ತಿರ ಕೂಗಿದರೂ ಕೇಳಿಸದು, ಕೈಸನ್ನೆಯೇ ಗತಿ. ಕಳ್ಳ ಯಾರು, ಅಡುಗೆಯವ ಯಾರು ಅಂತ ಮುಖ ನೋಡಿ ಹೇಳಲಾಗದು. ಹಾಗಾಗಿ ಸಿಕ್ಕಿದವರನ್ನೆಲ್ಲ ಮೊದಲು ಮಲಗಿಸಿ, ಕೈ ಕಟ್ಟಿ, ಆಮೇಲೆ ವಿಚಾರಿಸುತ್ತಾರೆ. ಬಿಡಿಸಲು ಬಂದವರೇ ಹೀಗೆ ಮಾಡಿದರು ಅಂತ ಬೇಜಾರಾಗಬಾರದು ಅಂತ ನಮಗೆ ಮೊದಲೇ ಹೇಳಿಕೊಟ್ಟಿದ್ದರು.

ಕಾನೂನಿನ ಬಗ್ಗೆಯೂ ಎರಡು ಮಾತು. ಕಂಡ ಕಂಡ ಹಡಗನ್ನು ಹತ್ತುವ ಹಾಗಿಲ್ಲ. ತೆರೆದ ಸಮುದ್ರದಲ್ಲಿ ಬೇರೆ ದೇಶದ ಹಡಗು ಹತ್ತಲು ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 110ನೇ ವಿಧಿ ಕೆಲವೇ ಕಾರಣ ಕೊಡುತ್ತದೆ. ಕಡಲ್ಗಳ್ಳತನದ ಗಟ್ಟಿ ಅನುಮಾನ ಅದರಲ್ಲೊಂದು, ಹಡಗಿಗೆ ಯಾವ ದೇಶವೂ ಇಲ್ಲದಿರುವುದು ಇನ್ನೊಂದು. ಹಿಡಿದ ಮೇಲೆ ಶಿಕ್ಷೆ ಕೊಡಿಸುವುದು ಬೇರೆಯೇ ತಲೆನೋವು. 1999ರಲ್ಲಿ ಅಲೊಂಡ್ರಾ ರೇನ್‌ಬೋ ಎಂಬ ಹಡಗನ್ನು ನಮ್ಮ ಕೋಸ್ಟ್ ಗಾರ್ಡಿನ ತಾರಾಬಾಯಿ ಮತ್ತು ನೌಕಾಪಡೆಯ ಪ್ರಹಾರ್ ಅರಬ್ಬಿ ಸಮುದ್ರದಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದವು. ಕಳ್ಳರು ಹೆಸರು ಬದಲಿಸಿ ಮೆಗಾ ರಾಮಾ ಅಂತ ಬರೆದಿದ್ದರು. ಸಿಕ್ಕಿಬೀಳುವಾಗ ಹಡಗಿಗೆ ಬೆಂಕಿ ಹಚ್ಚಿ ಮುಳುಗಿಸಲೂ ನೋಡಿದರು. 2003ರಲ್ಲಿ ಮುಂಬೈಯಲ್ಲಿ ಶಿಕ್ಷೆಯಾಯಿತು, 2005ರಲ್ಲಿ ಹೈಕೋರ್ಟಿನಲ್ಲಿ ಬಿಡುಗಡೆಯೂ ಆಯಿತು. ಆಗ ಕಡಲ್ಗಳ್ಳತನಕ್ಕೇ ಅಂತ ನಮ್ಮಲ್ಲಿ ಬೇರೆ ಕಾನೂನು ಇರಲಿಲ್ಲ. ಆ ಕಾನೂನನ್ನು ಸಂಸತ್ತು ಒಪ್ಪಿದ್ದು 2022ರಲ್ಲಿ. ರುಯೆನ್‌ನ 35 ಜನರನ್ನು ಮಾರ್ಚ್ 23ರಂದು ಮುಂಬೈ ಪೊಲೀಸರಿಗೆ ಒಪ್ಪಿಸಿದಾಗ ಅದು ಕೈಯಲ್ಲಿತ್ತು.

ಕೊನೆಗೆ ಒಬ್ಬಳು ಹುಡುಗಿ ಕೇಳಿದಳು, 'ನಿಮ್ಮ ಹಡಗನ್ನು ಯಾರಾದರೂ ಹತ್ತಿದ್ದರಾ ಸರ್?'

ಇಲ್ಲ. ಆದರೆ ಹತ್ತಿದರೆ ಏನು ಮಾಡಬೇಕು ಅಂತ ಅಭ್ಯಾಸ ಮಾಡಿದ್ದೆವು. ಎಂಜಿನ್ ಭಾಗದ ಒಳಗೆ, ಒಳಗಿನಿಂದ ಬಲವಾಗಿ ಬೀಗ ಹಾಕುವ ಜಾಗಕ್ಕೆ ಎಲ್ಲರೂ ಓಡಬೇಕು. ಅದಕ್ಕೆ ಸಿಟಾಡೆಲ್ ಅಂತಾರೆ. ನೌಕಾಪಡೆ ಬಿಡಿಸಲು ಬರಬೇಕಾದರೆ ಮೂರು ವಿಷಯ ಖಾತ್ರಿಯಾಗಬೇಕು ಅಂತ ಕೈಪಿಡಿ ಹೇಳುತ್ತಿತ್ತು. ಒಬ್ಬರೂ ಹೊರಗೆ ಉಳಿಯದೆ ಎಲ್ಲರೂ ಒಳಗಿರಬೇಕು. ಹೊರಗಿನವರ ಜೊತೆ ಮಾತಾಡಲು ನಂಬಬಹುದಾದ ಸಾಧನ ಒಳಗಿರಬೇಕು. ಹಡಗು ಓಡಿಸುವುದು ಕಳ್ಳರಿಗೆ ಆಗಬಾರದು. ಒಬ್ಬ ಹೊರಗೆ ಸಿಕ್ಕಿಬಿದ್ದರೂ ಇಡೀ ಯೋಜನೆ ಕೆಟ್ಟಂತೆ. 2024ರ ಜನವರಿಯಲ್ಲಿ ಲೀಲಾ ನಾರ್‌ಫೋಕ್ ಎಂಬ ಹಡಗಿನ 21 ಜನ ಹೀಗೇ ಒಳಗೆ ಸೇರಿಕೊಂಡು ಉಳಿದರು. ಅವರಲ್ಲಿ 15 ಮಂದಿ ಭಾರತೀಯರು. ಐಎನ್‌ಎಸ್ ಚೆನ್ನೈಯಿಂದ ಕಮಾಂಡೊಗಳು ಹತ್ತಿ ಮೂಲೆ ಮೂಲೆ ಹುಡುಕಿದಾಗ ಕಳ್ಳರು ಆಗಲೇ ಇಳಿದು ಹೋಗಿದ್ದರು.

ನಮ್ಮ ಅಭ್ಯಾಸದ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಕಿಟಕಿ ಇಲ್ಲ, ಸೆಕೆ, ಡೀಸೆಲ್ ವಾಸನೆ. ತಲೆ ಎಣಿಸಿದೆವು. ಒಬ್ಬ ಕಡಿಮೆ. ಮತ್ತೆ ಎಣಿಸಿದೆವು. ಆಗ ಹೊರಗಿನಿಂದ ಯಾರೋ ಬಾಗಿಲು ಬಡಿದರು. ಅಡುಗೆಯವನು, ಒಲೆ ಆರಿಸಿ ಬರುವುದು ತಡವಾಗಿತ್ತು. ತೆಗೆಯಲು ಹೋದ ಹುಡುಗನ ಕೈಯನ್ನು ಕ್ಯಾಪ್ಟನ್ ಹಿಡಿದುಕೊಂಡರು. 'ಅವನ ಬೆನ್ನಿಗೆ ಬಂದೂಕು ಇದೆ ಅಂತ ಅಂದುಕೊಳ್ಳಿ,' ಎಂದರು. 'ಈಗ ತೆಗೆಯುತ್ತೀರೋ, ಇಲ್ಲವೋ?'

ಹೊರಗೆ ಅವನು ನಗುತ್ತಲೇ ಬಡಿಯುತ್ತಿದ್ದ. ಒಳಗೆ ಯಾರೂ ಉತ್ತರ ಹೇಳಲಿಲ್ಲ.